ಮೂವರು ಅತ್ತೆಯರ ಹೂಂ, ವಾರ್ನಾದ ಮೂರು ತಲೆಗಳು

ಗದಗ

ನಮ್ಮ ಯಜಮಾನರ ಮನೆತನದಲ್ಲಿ ಹೆಣ್ಣು ನೋಡುವುದರಿಂದ ಹಿಡಿದು ಹಿತ್ತಿಲ ಗೋಡೆ ಕಟ್ಟಿಸುವವರೆಗೆ ಯಾವ ಕೆಲಸವೂ ಮೂವರು ಸೋದರತ್ತೆಯರನ್ನು ಕೇಳದೆ ನಡೆಯುವುದಿಲ್ಲ. ಒಬ್ಬರು ಲಕ್ಷ್ಮೇಶ್ವರದವರು, ಒಬ್ಬರು ಶಿರಹಟ್ಟಿಯವರು, ಇನ್ನೊಬ್ಬರು ಮುಂಡರಗಿಯವರು. ಮೂವರಲ್ಲಿ ಇಬ್ಬರು ಹೂಂ ಎಂದರೆ ಆ ಕೆಲಸ ಆಯಿತೆಂದೇ ಲೆಕ್ಕ. ನಾನು ಸೊರಟೂರಿನಿಂದ ಈ ಮನೆಗೆ ಸೊಸೆಯಾಗಿ ಬಂದದ್ದೂ ಹಾಗೆಯೇ. ಆಗ ಒಲ್ಲೆ ಎಂದವರು ಯಾರು ಎಂಬುದನ್ನು ದೇವರು ಇನ್ನೂ ನನಗೆ ತಿಳಿಸಿಲ್ಲ. ಅದೂ ಅವನ ಕೃಪೆಯೇ.

ಯಜಮಾನರು ಗದಗಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಸಂಜೆ ಜಗಲಿಯ ಮೇಲೆ ಕುಳಿತು ಏನೋ ಒಂದು ಸಮಸ್ಯೆಗೆ ಗಂಟುಬಿದ್ದಿದ್ದರು. ಅದೇನೆಂದು ಬಹಳ ಕಾಡಿದ ಮೇಲೆ ಒಮ್ಮೆ ಅತ್ತೆಯರನ್ನೇ ಮುಂದಿಟ್ಟುಕೊಂಡು ಹೇಳಿದ್ದರು. ಕೆಲವರು ಹೂಂ ಅನ್ನುತ್ತಾರೆ, ಕೆಲವರು ಒಲ್ಲೆ ಅನ್ನುತ್ತಾರೆ. ಎಲ್ಲವನ್ನೂ ಕೂಡಿಸಿ ಒಂದು ಉತ್ತರ ಹೊರಡುತ್ತದೆ. ನಡುವೆ ಒಬ್ಬರೋ ಇಬ್ಬರೋ ಮಾತು ತಿರುಗಿಸಿದರೆ ಆ ಉತ್ತರ ನಿಲ್ಲುತ್ತದೆಯೋ ಮಗುಚಿಕೊಳ್ಳುತ್ತದೆಯೋ?

"ಇದ್ರಾಗ ಏನೈತ್ರಿ? ಮೂರೂ ಮಂದಿ ಹೂಂ ಅಂದಿದ್ರ ಒಬ್ರು ತಿರುಗಿದ್ರೂ ನಡೀತದ. ಇಬ್ರ ಅಂದಿದ್ರ, ಒಬ್ರು ತಿರುಗಿದ್ರ ಆತು, ಮುಗೀತು," ಎಂದೆ.

"ಮೂರು ಮಂದಿ ಇದ್ರ ಅಷ್ಟ. ಮುನ್ನೂರು ಮಂದಿ ಅತ್ತಿಗೋಳಿದ್ದು, ಒಬ್ಬಾಕಿ ಮಾತು ಇನ್ನೊಬ್ಬಾಕಿ ಮಾತಿಗೆ ಹೆಣಕೊಂಡಿದ್ರ? ಅದ್ರಾಗ ಎಷ್ಟು ಮಂದಿ ಬೇಕಾದ್ರೂ ತಿರಗಬಹುದು ಅಂದ್ರ? ಯಾರ್ಯಾರು ಕೂಡಿ ತಿರುಗಿದ್ರ ಕೆಡ್ತದ ಅಂತ ನೋಡಾಕ ಹೋದ್ರ ಜನ್ಮ ಸಾಲೂದಿಲ್ಲ. ಅದಕ್ಕ ಜಲ್ದಿ ದಾರಿ ಸಿಗೂದು ಬಹಳ ಕಠಿಣ ಐತಿ ಅಂತ ನಾ ಸಿದ್ಧ ಮಾಡೀನಿ."

"ಅಂದ್ರ ಇಷ್ಟು ವರ್ಷ ಕೂತು, ಇದು ಕಠಿಣ ಐತಿ ಅಂತ ತೋರಿಸೀರಿ?"

"ಹೂಂ."

"ಅದನ್ನ ನನ್ನ ಕೇಳಿದ್ರ ಮೊದಲನೇ ದಿನಾನ ಹೇಳ್ತಿದ್ನೆಲ್ಲ!"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟು ಬಂದಾಗ ಅವರು ಮಾಡುವುದು ಅಷ್ಟೇ.

ಹೀಗಿರುವಾಗ ಬಲ್ಗೇರಿಯಾ ದೇಶದಿಂದ ಕರೆ ಬಂತು. ಅಲ್ಲಿ ಸಮುದ್ರದಂಡೆಯ ವಾರ್ನಾ ಎಂಬ ಊರಿನಲ್ಲಿ ಗಣಿತದವರ ಸಭೆ. ಅಲ್ಲಿಯ ಮೂವರು ಹಿರಿಯರು ಇವರ ಭಾಷಣ ಕೇಳಿ ಒಪ್ಪಿದರೆ ಸಭೆಯ ಪುಸ್ತಕದಲ್ಲಿ ಅಚ್ಚು ಹಾಕುತ್ತಾರೆ. ಧಾರವಾಡದಲ್ಲಿ ಇವರ ಡಾಕ್ಟರೇಟಿನ ಗುರುಗಳು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಅಲ್ಲಿ ಅಚ್ಚಾತು ಅಂದ್ರ ನಿನ್ನ ಪ್ರಬಂಧ ಮುಂದ ಕಳಸ್ತೀನಿ. ಇಲ್ಲಾಂದ್ರ ಇದನ್ನ ಇಲ್ಲಿಗೇ ಬಿಡು." ಇವರಿಗೆ ಐವತ್ತು ಹತ್ತಿರ ಬಂದಿತ್ತು. ಇವರ ಕೈಯಲ್ಲಿ ಕಲಿತ ಹುಡುಗರೇ ಡಾಕ್ಟರಾಗಿ ಬಂದು ಅದೇ ಕಾಲೇಜಿನಲ್ಲಿ ಇವರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು.

ಇವರ ಹೊಟ್ಟೆ ಪರರ ಕೈಯ ಅನ್ನ ಒಗ್ಗದ ಹೊಟ್ಟೆ. ಆದ್ದರಿಂದ ನಾನೂ ಹೋಗಬೇಕೆಂಬ ಮಾತು ಬಂದು, ಅತ್ತೆಯರ ಮುಂದೆ ಹೋಯಿತು. ಲಕ್ಷ್ಮೇಶ್ವರ ಹೂಂ ಎಂದಿತು, ಶಿರಹಟ್ಟಿ ಹೂಂ ಎಂದಿತು. ಮುಂಡರಗಿಯ ಅತ್ತೆ ಮಾತ್ರ, "ಸಮುದ್ರ ದಾಟಿ ಹೋಗಿ ಬಂದಾಕಿನ ನನ್ನ ಅಡಗಿ ಮನಿಯೊಳಗ ಬಿಟ್ಟುಕೊಳ್ಳಾಂಗಿಲ್ಲ" ಎಂದರು.

"ಇಬ್ರು ಹೂಂ ಅಂದಾರಲ್ಲ, ಸಾಕಲ್ಲ?" ಎಂದೆ.

"ಸಾಕು. ಆದ್ರ ಗಟ್ಟಿ ಇಲ್ಲ," ಎಂದವರೇ ಯಜಮಾನರು ಮುಂಡರಗಿಯ ಬಸ್ಸು ಹತ್ತಿದರು. ಅಲ್ಲಿ ಅತ್ತೆಯ ಎದುರು ಕುಳಿತು, ಸಮುದ್ರವನ್ನು ದಾಟುವುದಿಲ್ಲ, ವಿಮಾನದಲ್ಲಿ ಅದರ ಮೇಲೆ ಹಾಯ್ದು ಹೋಗುತ್ತೇವೆ, ನೀರು ಕಾಲಿಗೆ ತಾಗುವುದೇ ಇಲ್ಲ ಎಂದು ವಾದ ಮಾಡಿದರಂತೆ. ಅತ್ತೆ ವಿಚಾರ ಮಾಡಿ, "ಹಂಗಾದ್ರ ಆತು ವೆಂಕ್ಯಾ. ಕಿಡಕಿ ಮುಚಗೊಂಡು ಕುಂದ್ರಾಕ ಹೇಳು ಅಕಿಗೆ," ಎಂದರು. ನಾನು ಹೋದ ದಾರಿಯುದ್ದಕ್ಕೂ ಕಿಟಕಿ ಮುಚ್ಚಿಯೇ ಕುಳಿತಿದ್ದೆ. ಆದ್ದರಿಂದ ವಿಮಾನದಿಂದ ಏನೇನು ಕಂಡಿತೆಂದು ನನ್ನನ್ನು ಯಾರೂ ಕೇಳಬೇಡಿ.

ಬೆಟಗೇರಿಯ ಹುಸೇನಸಾಬ ಟೇಲರ್ ಯಜಮಾನರಿಗೆ ಕೋಟು ಹೊಲಿದುಕೊಟ್ಟ. ತೊಟ್ಟು ನೋಡಿದರೆ ಒಳಗೆ ಇನ್ನೊಬ್ಬ ಮಾಸ್ತರು ಹಿಡಿಸುವಷ್ಟು ಜಾಗ.

"ಪರದೇಶದ ಊಟ ಮಾಸ್ತರ, ಹೊಟ್ಟಿ ಮುಂದ ಬರ್ತದ ಅಂತ ಬಿಟ್ಟೀನಿ," ಎಂದ.

"ಊಟಾನ ಹತ್ತೂದಿಲ್ಲೋ ಇವರಿಗೆ," ಎಂದೆ ನಾನು.

"ಹಂಗಾದ್ರ ಒಳಗ ರೊಟ್ಟಿ ಇಟಗೊಳ್ರಿ ವೈನಿ," ಎಂದ. ಆ ಮಾತು ನನಗೂ ಸರಿ ಕಂಡಿತು. ಒಳಗಿನ ಜೇಬುಗಳಲ್ಲಿ ಒಣಗಿಸಿದ ಕಟಕ ಸಜ್ಜೆ ರೊಟ್ಟಿ ಚೆನ್ನಾಗಿಯೇ ಹಿಡಿದವು.

ಸೋಫಿಯಾ

ವಿಮಾನ ಇಳಿದ ಸೋಫಿಯಾ ನಗರದಲ್ಲಿ ನಮ್ಮ ಗಂಟು ಬಿಚ್ಚಿ ನೋಡುವ ಅಧಿಕಾರಿ ಒಬ್ಬ ಸಣ್ಣ ವಯಸ್ಸಿನವ, ನೋಡಿದರೆ ಸಭ್ಯ. ಗುರೆಳ್ಳು ಚಟ್ನಿಯ ಡಬ್ಬಿ ತೆರೆದು ಆ ಕರೀ ಪುಡಿಯನ್ನು ನೋಡಿದ. ಯಜಮಾನರು ಆಚೆ ಸಾಲಿನಲ್ಲಿ ಕಾಗದಪತ್ರ ತೋರಿಸುತ್ತಿದ್ದರು. ನನಗೆ ಅವನ ಮಾತು ಬಾರದು, ಅವನಿಗೆ ನನ್ನದು ಬಾರದು. ಕೈಯನ್ನು ಬಾಯಿಗೆ ಒಯ್ದು, ತಿನ್ನುವುದೇ ಎಂದು ಕೇಳಿದ. ನಾನು ಹೌದೆಂದು ತಲೆಯನ್ನು ಮೇಲೆ ಕೆಳಗೆ ಆಡಿಸಿದೆ. ಅವನ ಮುಖ ಬಿಗಿಯಿತು. ಔಷಧಿ ಕುಡಿಯುವವರಂತೆ ಮಾಡಿ ಕೇಳಿದ. ಮತ್ತೆ ಅದೇನು ಕೇಳುತ್ತಾನೆ ಎಂದು ಸುಮ್ಮನೆ ನೋಡಿದೆ. ಕೊನೆಗೆ ಗಲ್ಲ ಉಬ್ಬಿಸಿ, ಎರಡೂ ಕೈ ಹರವಿ, "ಢಮ್?" ಎಂದ.

ಮದ್ದಿನ ಪುಡಿ ಎಂದುಕೊಂಡನೇ! ನಾನು ಗಾಬರಿಯಾಗಿ, ಅಲ್ಲಪ್ಪಾ ಅಲ್ಲ ಎಂದು ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಬೀಸಿದೆ.

ಆಮೇಲೆ ಬಂದವರ ಸಂಖ್ಯೆ ನನಗೆ ನೆನಪಿಲ್ಲ. ಎಲ್ಲರೂ ಡಬ್ಬಿಯಿಂದ ದೂರ ನಿಂತಿದ್ದರು. ನಾನು ವೀರನಾರಾಯಣನನ್ನು ನೆನೆದು, ಒಂದು ಚಿಟಿಕೆ ಚಟ್ನಿಯನ್ನು ಎಲ್ಲರ ಎದುರೇ ಬಾಯಿಗೆ ಹಾಕಿಕೊಂಡೆ. ಢಮ್ ಎನ್ನಲಿಲ್ಲ. ಅಷ್ಟರಲ್ಲಿ ನಮ್ಮನ್ನು ಕರೆದೊಯ್ಯಲು ಬಂದಿದ್ದ ಎಲೆನಾ ಎಂಬ ಹುಡುಗಿ ಓಡಿಬಂದಳು. ದೆಹಲಿಯಲ್ಲಿ ಎರಡು ವರ್ಷ ಓದಿದವಳು, ಹಿಂದಿ ಚೆನ್ನಾಗಿ ಆಡುತ್ತಿದ್ದಳು. ನನ್ನ ಹಿಂದಿ ಹುಸೇನಸಾಬನ ಹೆಂಡತಿಯಿಂದ ಕಲಿತದ್ದು. ನಮ್ಮಿಬ್ಬರಿಗೂ ಅದು ಸಾಕಾಯಿತು.

ಅವಳಿಂದಲೇ ವಿಷಯ ತಿಳಿಯಿತು. ಆ ದೇಶದಲ್ಲಿ ಹೌದು ಎನ್ನಲು ತಲೆಯನ್ನು ಎಡಬಲಕ್ಕೆ ಆಡಿಸುತ್ತಾರೆ. ಅಲ್ಲ ಎನ್ನಲು ಮೇಲೆ ಎತ್ತಿ ಇಳಿಸುತ್ತಾರೆ. ಅಂದರೆ ನಾನು ಆ ಅಧಿಕಾರಿಗೆ, ಇದು ತಿನ್ನುವ ಪದಾರ್ಥವಲ್ಲ, ಖಂಡಿತವಾಗಿ ಸಿಡಿಯುವ ಪದಾರ್ಥ ಎಂದು ಹೇಳಿದ್ದೆ.

ಯಜಮಾನರು ಹೆದರಬೇಕಾದವರು ಕುಣಿದಾಡುವಷ್ಟು ಖುಷಿಯಾದರು. "ನೋಡ್ದೆ? ಎರಡು ಉತ್ತರ ತಿರುಗಿದ್ದಕ್ಕ ಚಟ್ನಿ ಹೋಗಿ ಬಾಂಬ್ ಆತು! ಇದ ನನ್ನ ವಿಷಯ!"

"ನಿಮ್ಮ ವಿಷಯಕ್ಕ ನಾ ಜೇಲಿಗೆ ಹೋಗ್ತಿದ್ದೆ," ಎಂದೆ.

ವಾರ್ನಾ

ವಾರ್ನಾದ ಸಮುದ್ರಕ್ಕೆ ಕಪ್ಪು ಸಮುದ್ರ ಎಂದು ಹೆಸರು. ಬಣ್ಣ ನೀಲಿಯೇ. ನಮ್ಮ ಕಡೆಯ ಕೊರ್ಲಹಳ್ಳಿಯಲ್ಲಿ ತುಂಗಭದ್ರೆಯ ದಂಡೆಗೆ ನಿಂತರೆ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಸೀರೆಯ ಬಣ್ಣ ತಿಳಿಯುತ್ತದೆ. ಇಲ್ಲಿ ಆಚೆ ದಡವೇ ಇಲ್ಲ. ನೋಡಿ ನೋಡಿ ಎದೆ ಝಲ್ಲೆಂದು ಒಳಗೆ ಬಂದೆ.

ಹೋಟೆಲಿನಲ್ಲಿ ಊಟಕ್ಕೆ ಕುಳಿತೆವು. ಬಡಿಸುವವ ಒಂದು ಮಾಂಸದ ತಟ್ಟೆ ತೋರಿಸಿ ಬೇಕೇ ಎಂದು ಸನ್ನೆ ಮಾಡಿದ. ನಾನೀಗ ಕಲಿತವಳು. ಅವರ ಪದ್ಧತಿಯಂತೆ ಬೇಡವೆಂದು ತಲೆಯನ್ನು ಮೇಲೆ ಕೆಳಗೆ ಆಡಿಸಿದೆ. ಅವನೂ ಕಲಿತವನು. ಪರದೇಶದವರು ಹೀಗೆ ಆಡಿಸಿದರೆ ಬೇಕೆಂದು ಅರ್ಥ ಎಂದು ತಿಳಿದು, ಅತಿ ಪ್ರೀತಿಯಿಂದ ಎರಡು ತುಂಡು ತಂದು ನನ್ನ ಮುಂದಿಟ್ಟ. ನಾನು ಕುರ್ಚಿಯೊಂದಿಗೆ ಹಿಂದಕ್ಕೆ ಸರಿದೆ.

"ನೀ ಅವಗ ಅನುಕೂಲ ಮಾಡಾಕ ಹೋದಿ, ಅವ ನಿನಗ ಅನುಕೂಲ ಮಾಡಾಕ ಬಂದ," ಎಂದರು ಯಜಮಾನರು ನಗುತ್ತ. "ಯಾರು ತಿರುಗ್ಯಾರ, ಯಾರು ತಿರುಗಿಲ್ಲ, ಅದ ಗೊತ್ತಾಗಂಗಿಲ್ಲ ಇಲ್ಲೆ."

ಆ ಬಡಿಸುವವ ಮಾತ್ರ ಒಳ್ಳೆಯವ. ನನ್ನ ಮುಖ ನೋಡಿ ತಟ್ಟೆ ಎತ್ತಿಕೊಂಡು ಹೋಗಿ, ಬದಲಿಗೆ ಒಂದು ದೊಡ್ಡ ಬಟ್ಟಲು ತಂದಿಟ್ಟ. ಅದರಲ್ಲಿ ಮೊಸರು! ಚಾಕುವಿನಿಂದ ಕೊಯ್ಯಬಹುದಾದಂಥ ಗಟ್ಟಿ ಮೊಸರು. ಎಮ್ಮೆ ಕಟ್ಟಿದವರ ಮನೆಯಲ್ಲೂ ಹಬ್ಬದ ದಿನ ಅಂಥದ್ದು ಸಿಗುವುದು ಕಷ್ಟ. ಕೋಟಿನ ಜೇಬಿನಿಂದ ರೊಟ್ಟಿ ಹೊರಬಂತು, ಡಬ್ಬಿಯಿಂದ ಚಟ್ನಿ. ನಾನು ಕಣ್ಣು ಮುಚ್ಚಿ ಕೈಮುಗಿದೆ. ಇಷ್ಟು ದೂರದವರೆಗೆ ನಮಗಿಂತ ಮೊದಲೇ ಮೊಸರನ್ನು ಕಳಿಸಿದ್ದವನು ನಮ್ಮನ್ನು ಕೈಬಿಡುವುದಿಲ್ಲ ಎನಿಸಿತು.

ಮರುದಿನ ಬೆಳಗ್ಗೆ ಯಜಮಾನರು ಮೇಲೆ ಕೋಣೆಯಲ್ಲಿ ಭಾಷಣದ ತಾಲೀಮು ಮಾಡುತ್ತಿದ್ದರು. ನಾನೂ ಎಲೆನಾಳೂ ಕೆಳಗೆ ಉಪಾಹಾರಕ್ಕೆ ಕುಳಿತೆವು. ಬಿಳಿ ಗಲ್ಲಮೀಸೆಯ ಹಿರಿಯರೊಬ್ಬರು ನಮ್ಮ ಮೇಜಿಗೇ ಬಂದರು. ನಾಳೆ ಭಾಷಣ ಕೇಳುವ ಮೂವರಲ್ಲಿ ಇವರೇ ದೊಡ್ಡವರು ಎಂದು ಎಲೆನಾ ಪಿಸುಗುಟ್ಟಿದಳು. ನಾನು ಸೆರಗು ಸರಿಮಾಡಿಕೊಂಡು, ಚಟ್ನಿಯ ಡಬ್ಬಿಯನ್ನು ಅವರತ್ತ ಸರಿಸಿದೆ. ಅವರು ಗಂಭೀರವಾಗಿ ತಲೆಯನ್ನು ಎಡಬಲಕ್ಕೆ ಆಡಿಸಿದರು. ಬೇಡವೇನೋ ಎಂದು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡೆ. ಅವರು ಡಬ್ಬಿಯ ಹಿಂದೆಯೇ ಕೈಚಾಚಿ ಬಂದರು!

ಎಲೆನಾ ನಕ್ಕಳು. "ಇವರು ಹಳೇ ಕಾಲದವರು ಅಮ್ಮಾ. ಯಾರಿಗೋಸ್ಕರವೂ ತಲೆಯ ರೀತಿ ಬದಲಿಸುವುದಿಲ್ಲ."

ಅವರು ಮೊಸರಿಗೆ ಚಟ್ನಿ ಕಲಸಿ ತಿಂದರು. ಕಣ್ಣಲ್ಲಿ ನೀರು ಬಂತು. ಇನ್ನೊಂದು ಬಟ್ಟಲು ಮೊಸರು ಬೇಕೇ ಎಂದು ಬಡಿಸುವವ ಕೇಳಿದಾಗ ಮತ್ತೆ ಎಡಕ್ಕೆ ಬಲಕ್ಕೆ ಆಡಿಸಿ, ಅದನ್ನೂ ಮುಗಿಸಿದರು.

ಅವರ ಗುಡಿ

ಸಂಜೆ ಎಲೆನಾಳ ಜೊತೆ ಅಲ್ಲಿಯ ಗುಡಿಗೆ ಹೋದೆ. ಗುಡಿ ಎಂದೇ ಬರೆಯುತ್ತೇನೆ. ಎಣ್ಣೆಯ ಕಂಪು, ಕತ್ತಲಲ್ಲಿ ಹೊಳೆಯುವ ಚಿನ್ನದ ಚಿತ್ರಗಳು, ಮೂಲೆಯಲ್ಲಿ ತುಟಿ ಆಡಿಸುತ್ತ ನಿಂತ ಮುದುಕಿಯರು. ಗದಗಿನ ಗುಡಿಯ ಕತ್ತಲಿಗೂ ಈ ಕತ್ತಲಿಗೂ ನನಗೆ ಭೇದ ಕಾಣಲಿಲ್ಲ. ಎಲೆನಾ ಹೊರಗೆ ಯಾರನ್ನೋ ಮಾತಾಡಿಸುತ್ತ ನಿಂತಳು. ನಾನು ಒಂದು ಮೇಣದ ಬತ್ತಿ ಹಚ್ಚಿ, "ಇವರ ಕೆಲಸ ನಾಳೆ ಆಗಲಪ್ಪಾ, ಐವತ್ತಾಗುವುದರೊಳಗೆ ಇದೊಂದು ಅವರಿಗೆ ಸಿಗಲಿ" ಎಂದು ಬೇಡಿಕೊಂಡೆ. ಬತ್ತಿ ನೆಡಲು ಎರಡು ಜಾಗ ಇದ್ದವು. ಮೇಲಿನ ತಟ್ಟೆ ಎತ್ತರ, ಕೆಳಗಿನದು ಉಸುಕಿನ ಹರಿವಾಣ. ದೇವರ ಮುಂದೆ ತಗ್ಗಿ ನಡೆಯುವುದೇ ಒಳ್ಳೆಯದೆಂದು ಕೆಳಗೆ ನೆಟ್ಟೆ.

ಒಬ್ಬ ಮುದುಕಿ ಹತ್ತಿರ ಬಂದು ನನ್ನ ಹಣೆಯ ಕುಂಕುಮ ನೋಡಿದಳು, ಬತ್ತಿ ನೋಡಿದಳು. ನಂತರ ನನ್ನ ಕೈ ಹಿಡಿದು ಅಳತೊಡಗಿದಳು. ನನಗೂ ಏನೆಂದು ತಿಳಿಯದೆ ಅಳು ಬಂತು. ಎಲೆನಾ ಒಳಗೆ ಬಂದಾಗ ನಾವಿಬ್ಬರೂ ಅಳುತ್ತಿದ್ದೆವು.

"ಅಮ್ಮಾ, ಮೇಲಿನದು ಬದುಕಿದ್ದವರಿಗೆ. ಕೆಳಗಿನದು ಸತ್ತವರಿಗೆ. ಯಾರು ತೀರಿಕೊಂಡರು ಎಂದು ಕೇಳುತ್ತಿದ್ದಾಳೆ."

"ಯಾರೂ ಇಲ್ಲವ್ವಾ! ಹೋಟೆಲ್‌ನ್ಯಾಗ ಭಾಷಣ ಬಾಯಿಪಾಠ ಮಾಡಾಕತ್ತಾರ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ವಿಷಯ ತಿಳಿದ ಮುದುಕಿ ಉರಿಯುತ್ತಿದ್ದ ಬತ್ತಿಯನ್ನು ಉಸುಕಿನಿಂದ ಕಿತ್ತು ಮೇಲಿನ ತಟ್ಟೆಗೆ ನೆಟ್ಟಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು, ಅಂದರೆ ತಲೆಯ ರುಮಾಲಿನ ತುದಿ ಒತ್ತಿಕೊಂಡು, ಮೈ ಕುಲುಕಿಸಿ ನಕ್ಕಳು. ಯಜಮಾನರಿಗೆ ಇದನ್ನು ಆ ದಿನ ಹೇಳಲಿಲ್ಲ.

ಭಾಷಣದ ದಿನ

ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಮೂವರು ಕುಳಿತಿದ್ದರು. ನಡುವೆ ಗಲ್ಲಮೀಸೆಯವರು. ಒಂದು ಬದಿಗೆ ದಪ್ಪ ಕನ್ನಡಕದ ಹೆಣ್ಣುಮಗಳು, ಇನ್ನೊಂದು ಬದಿಗೆ ಜರ್ಮನಿಯವನೆಂದು ಎಲೆನಾ ಹೇಳಿದ ಉದ್ದನೆಯ ಮನುಷ್ಯ. ನಾನೂ ಎಲೆನಾಳೂ ಕೊನೆಯ ಸಾಲಿನಲ್ಲಿ ಕುಳಿತೆವು.

ಯಜಮಾನರು ದೀಪದ ಯಂತ್ರದ ಮೇಲೆ ಹಾಳೆ ಇಟ್ಟು ಗೋಡೆಯ ಮೇಲೆ ಬಿಂಬ ಬೀಳಿಸುತ್ತ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ಮೊದಲನೆಯ ಹಾಳೆ, ಎರಡನೆಯ ಹಾಳೆ. ಮೂರನೆಯದರಲ್ಲಿ ಬರೀ ಸೊನ್ನೆ ಮತ್ತು ಒಂದುಗಳ ಸಾಲು. ಅದು ದೊಡ್ಡ ಮಾತಿಗೆ ಹತ್ತುವ ಮೆಟ್ಟಿಲಷ್ಟೇ ಎಂದು ಬೆಳಗ್ಗೆ ಹೇಳಿದ್ದರು. ಅದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಗಲ್ಲಮೀಸೆಯವರ ತಲೆ ನಿಧಾನವಾಗಿ ಎಡಕ್ಕೆ ಬಲಕ್ಕೆ ಆಡಿತು.

ಯಜಮಾನರು ನಿಂತುಬಿಟ್ಟರು. ಅವರು ಏನು ಯೋಚಿಸುತ್ತಿದ್ದಾರೆಂದು ನನಗೆ ಅಷ್ಟು ದೂರದಿಂದಲೂ ತಿಳಿಯುತ್ತಿತ್ತು. ಈ ಹಿರಿಯರು ತಮ್ಮ ಊರಿನ ಹೌದು ಅನ್ನುತ್ತಿದ್ದಾರೋ? ಅಥವಾ ಪರದೇಶದ ಮಾಸ್ತರನಿಗೆ ತಿಳಿಯಲೆಂದು ತಲೆಯ ರೀತಿ ಬದಲಿಸಿ ಅಲ್ಲ ಅನ್ನುತ್ತಿದ್ದಾರೋ? ಅಲ್ಲ ಎಂದೇ ಇದ್ದರೆ ಮುಂದಿನದೆಲ್ಲ ವ್ಯರ್ಥ. ಅವರು ಅದೇ ಹಾಳೆಯನ್ನು ನೆಟ್ಟಗೆ ಮಾಡಿ ಮತ್ತೆ ಮೊದಲಿನಿಂದ ಹೇಳಿದರು. ತಲೆ ಮತ್ತೆ ಎಡಕ್ಕೆ ಬಲಕ್ಕೆ ಆಡಿತು, ಈ ಸಲ ಇನ್ನೂ ಜೋರಾಗಿ. ಯಜಮಾನರು ನೀರು ಕುಡಿದರು. ಮೂರನೆಯ ಸಲ, ಶಾಲೆಯ ಹುಡುಗರಿಗೆ ಹೇಳುವಂತೆ ಒಂದೊಂದೇ ಸೊನ್ನೆಗೆ ಬೆರಳಿಟ್ಟು ಹೇಳತೊಡಗಿದರು. ಹಿಂದೆ ಇನ್ನೂ ಹಾಳೆಗಳ ಕಟ್ಟು ಹಾಗೇ ಕುಳಿತಿತ್ತು.

ನಾನು ಚಡಪಡಿಸಿದೆ. ಅವರ ಕಣ್ಣು ನನ್ನ ಕಡೆ ಬಂತು. ಹೌದು ಎಂದು ತಲೆ ಆಡಿಸಲು ಹೋದೆ, ತಡೆದೆ. ಯಾವ ರೀತಿ ಆಡಿಸಲಿ? ಗದಗಿನಂತೆ ಆಡಿಸಿದರೆ, ಇವಳು ಬಲ್ಗೇರಿಯಾ ಕಲಿತಿದ್ದಾಳೆ ಎಂದುಕೊಂಡಾರು. ಬಲ್ಗೇರಿಯಾದಂತೆ ಆಡಿಸಿದರೆ, ಹಳೇ ಹೆಂಡತಿ ಹಳೇ ರೀತಿ ಎಂದುಕೊಂಡಾರು. ತಲೆಯನ್ನು ಸುತ್ತಲೂ ತಿರುಗಿಸಿಬಿಟ್ಟೆನೋ ಏನೋ, ಅವರ ಮುಖ ಇನ್ನಷ್ಟು ಬಾಡಿತು.

ಆಮೇಲೆ ಏನಾಯಿತೆಂದರೆ ನಾನು ಎದ್ದು ನಿಂತಿದ್ದೆ.

"ರೀ! ಅವರು ಹೂಂ ಅನ್ನಾಕತ್ತಾರ್ರೀ! ಮುಂದ ನಡೀರಿ!"

ಸಭೆಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಯಜಮಾನರು ಮೈಕಿನಲ್ಲೇ ಕೇಳಿದರು: "ಖರೇನ?"

"ದೇವರಾಣೆ ಖರೆ! ಮೊಸರು ಬೇಕಂದ್ರೂ ಹಿಂಗ ಆಡಸ್ತಾರ ಅವರು!"

ಎಲೆನಾ ಮುಖ ಮುಚ್ಚಿಕೊಂಡಳು. ಯಜಮಾನರು ಉಳಿದ ಹಾಳೆಗಳನ್ನು ಒಂದಾದ ಮೇಲೊಂದು ಇಟ್ಟು ಎತ್ತುತ್ತ ಭಾಷಣ ಓಡಿಸಿದರು. ಆದರೆ ಸಮಯ ಮುಗಿದ ಗಂಟೆ ಬಾರಿಸಿದರು. ಎಲ್ಲಕ್ಕಿಂತ ದೊಡ್ಡ ಮಾತಿದ್ದ ಕೊನೆಯ ಹಾಳೆಯನ್ನು ಇಟ್ಟರು. ಅವಸರಕ್ಕೆ ಅದು ತಲೆಕೆಳಗಾಗಿ ಬಿತ್ತು, ಸರಿಮಾಡುವುದರೊಳಗೆ ದೀಪ ಆರಿಸಿದರು.

ಸಮುದ್ರದಂಡೆ

ಆ ಮಧ್ಯಾಹ್ನ ಅವರು ಹಾಳೆಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಕೋಟು ಬಿಚ್ಚಲಿಲ್ಲ. ಕಡೆಗೆ, "ಮೆಟ್ಟಲ ಮ್ಯಾಲೆ ನಿಂತು ಬಂದೆ. ಮಾಳಗಿ ತೋರಿಸಲೇ ಇಲ್ಲ," ಎಂದರು. ನಾನು ಸಾಧ್ಯವಾದಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದೆ. ಅದು ನನಗೆ ಸುಲಭದ ವ್ರತವಲ್ಲ.

ಹೊರಡುವ ಹಿಂದಿನ ದಿನ ದಂಡೆಯಲ್ಲಿ ಕುಳಿತಿದ್ದಾಗ ಗಲ್ಲಮೀಸೆಯವರು ಬಂದರು. ಯಜಮಾನರು ಎದ್ದು ನಿಂತರು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು. ಯಜಮಾನರ ಮುಖ ಬಿಳಿಚಿಕೊಂಡಿತು.

"ಏನಂತ್ರಿ?"

"ನಾನು ಸಿದ್ಧ ಮಾಡಿದ ದೊಡ್ಡ ಮಾತು... ಅದನ್ನ ರಷ್ಯಾದವ ಒಬ್ಬ ಮೊದಲ ಮಾಡಿಬಿಟ್ಟಾನಂತ. ಅವರ ಭಾಷಾದಾಗ ಅಚ್ಚಾಗೇತಿ. ನಮ್ಮ ಕಡೆ ಯಾರಿಗೂ ಖಬರ ಇಲ್ಲ."

ಇಷ್ಟು ವರ್ಷದ ಸಂಜೆಗಳು ಕಣ್ಣಮುಂದೆ ಬಂದವು. ಹಿರಿಯರು ಇನ್ನೂ ಮಾತಾಡುತ್ತಲೇ ಇದ್ದರು, ಬೆರಳಿನಿಂದ ಗಾಳಿಯಲ್ಲಿ ಸೊನ್ನೆ ಬರೆಯುತ್ತಿದ್ದರು. ಯಜಮಾನರ ಬಾಯಿ ತೆರೆದುಕೊಂಡಿತು.

"ಈಗೇನಂತ್ರಿ? ಹೇಳ್ರಿ ಜಲ್ದಿ!"

"ಆ ಮೂರನೇ ಹಾಳಿ... ಅದು ಯಾರ ಕಡೆನೂ ಇಲ್ಲಂತ. ರಷ್ಯಾದವ ಬಹಳ ಸುತ್ತಿ ಹೋಗ್ಯಾನಂತ. ಅದೊಂದು ಇದ್ರ ಅವನ ದಾರಿ ಅರ್ಧಕ್ಕರ್ಧ ಕಡಿಮಿ ಆಗ್ತದಂತ. ಒಂದ ಸಲ ಹೇಳಿ ಮುಂದ ಹೋಗಿದ್ರ ಯಾರೂ ಲಕ್ಷ್ಯ ಕೊಡ್ತಿದ್ದಿಲ್ಲಂತ. ಮೂರು ಸಲ ಹೇಳಿದ್ದಕ್ಕ ಮೂರೂ ಮಂದಿಗೆ ಬಾಯಿಪಾಠ ಆಗೇತಿ. ಅದನ್ನಷ್ಟ ಬರದು ಕೊಡು, ಪುಸ್ತಕದಾಗ ಹಾಕ್ತೀವಿ ಅಂತಾರ."

ನಾನು ಹಿರಿಯರಿಗೆ ಕೈಮುಗಿದೆ. ಅವರು ನನ್ನ ಕೈ ಕುಲುಕಿ, ಏನೋ ಹೇಳಿ, ಮರಳಿನಲ್ಲಿ ನಡೆದುಹೋದರು. ಚಟ್ನಿ ಉಳಿದಿದೆಯೇ ಎಂದು ಕೇಳಿದರಂತೆ. ಮರುದಿನ ಬೆಳಗ್ಗೆ ಡಬ್ಬಿಯನ್ನೇ ಕೊಟ್ಟು ಬಂದೆ.

ಯಜಮಾನರು ನೀರನ್ನು ನೋಡುತ್ತ ಕುಳಿತರು. ಧಾರವಾಡದ ಗುರುಗಳು ಇನ್ನು ಪ್ರಬಂಧ ಮುಂದೆ ಕಳಿಸುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಅವರ ಮುಖದಲ್ಲಿ ನಗು ಮೂಡಲು ತಡವಾಯಿತು. ಕಳೆದುಕೊಂಡದ್ದು ದೊಡ್ಡದು, ಸಿಕ್ಕದ್ದು ಸಣ್ಣದು.

"ಆ ಮೂರನೇ ಹಾಳ್ಯಾಗ ಏನಿತ್ತು, ನನಗೂ ಸ್ವಲ್ಪ ಹೇಳ್ರಲ್ಲ," ಎಂದೆ. ಅವರ ಮನಸ್ಸು ಬೇರೆ ಕಡೆ ಹೋಗಲೆಂದು ಕೇಳಿದೆ.

ಅವರು ಒಂದು ಹಿಡಿ ಕಪ್ಪೆಚಿಪ್ಪು ಆರಿಸಿ ಮರಳಿನ ಮೇಲೆ ಸಾಲಾಗಿ ಇಟ್ಟರು. ಕೆಲವು ಅಂಗಾತ, ಕೆಲವು ಬೋರಲು.

"ಅಂಗಾತ ಇದ್ದದ್ದು ಹೂಂ ಅಂದಾರ. ಬೋರಲು ಇದ್ದದ್ದು ಒಲ್ಲೆ ಅಂದಾರ. ಯಾರು ಹೂಂ ಅಂದ್ರೂ ಕೆಲಸಕ್ಕ ಅನುಕೂಲನ, ಕೆಡೂದಿಲ್ಲ, ಅಂಥ ಮಂದಿ ಇವರು. ಎಲ್ಲಾ ಕೂಡಿ ಉತ್ತರ ಹೂಂ ಅಂತ ಬಂದೇತಿ. ಈಗ ಇದನ್ನ ಕೆಡಸಬೇಕು ಅನ್ನಾಂವ ಯಾರ ಮನಿಗೆ ಹೋಗಬೇಕು?"

ನಾನು ನೋಡಿದೆ. "ಹೂಂ ಅಂದವರ ಮನಿಗೆ. ಒಲ್ಲೆ ಅಂದಾಕಿನ ತಿರುಗಿಸಿದ್ರ ಅಕಿ ಹೂಂ ಅಂತಾಳ. ಕೆಲಸ ಇನ್ನೂ ಗಟ್ಟಿ ಆಗ್ತದ."

"ಅಂದ್ರ ಬೋರಲು ಇದ್ದ ಚಿಪ್ಪಿನ ತಂಟೇಕ ಹೋಗೂದ ಬ್ಯಾಡ. ತಗದು ಒಗಿ," ಎಂದು ಅವುಗಳನ್ನೆಲ್ಲ ಬದಿಗೆ ಸರಿಸಿದರು. "ಉಳದಿದ್ದನ್ನಷ್ಟ ನೋಡು. ಹುಡುಕೂ ಕೆಲಸ ಎಷ್ಟು ಸಣ್ಣದಾತು ನೋಡು."

"ಇಷ್ಟ ಏನ್ರಿ?" ಎಂದೆ. "ಇದು ನನಗೂ ತಿಳೀತಲ್ಲ!"

"ಅದಕ್ಕ ಅವರಿಗೂ ತಿಳದೈತಿ," ಎಂದರು. ಆಗ ನಗು ಬಂತು, ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ. ನಗುತ್ತಲೇ ಒಂದೊಂದಾಗಿ ಚಿಪ್ಪು ಆರಿಸಿಕೊಂಡರು.

"ಮತ್ತ ಆ ದೊಡ್ಡ ಮಾತು?"

"ಅದು ರಷ್ಯಾದವಂದು," ಎಂದು, ಮರಳು ಕೊಡವಿ, ಚಿಪ್ಪುಗಳನ್ನೆಲ್ಲ ಜೇಬಿಗೆ ಹಾಕಿಕೊಂಡರು. "ಇದು ನಂದು."